ಗಿಂಡಿಯ ಕುದುರೆ: ಜಾಣ್ಮೆಯೋ, ಜೂಜೋ?

ಮೈಸೂರಿನ ಕುದುರೆಗೂ ಮದರಾಸಿಗೂ ಇರುವ ನಂಟು ಹಳೆಯದು. 1769ರಲ್ಲಿ ಹೈದರಾಲಿಯು ತನ್ನ ರಾವುತರೊಡನೆ ಬಿರುಗಾಳಿಯಂತೆ ಬಂದು ಪರಂಗಿಮಲೆಯ ಬಳಿ ನಿಂತಾಗ, ಕೋಟೆಯೊಳಗಿನ ಆಂಗ್ಲರು ಸಂಧಿಗೆ ಒಪ್ಪಲೇಬೇಕಾಯಿತು. ಆ ಬೆಟ್ಟಕ್ಕೆ ಸಮೀಪದ ಗಿಂಡಿಯಲ್ಲಿ 1777ರ ಹೊತ್ತಿಗೆ ಕುದುರೆಪಂದ್ಯ ಮೊದಲಾಯಿತೆನ್ನುತ್ತಾರೆ. ಮದರಾಸ್ ರೇಸ್ ಕ್ಲಬ್ ಸ್ಥಾಪನೆಯಾದುದು 1896ರಲ್ಲಿ. ಟಿಪ್ಪುವಿನ ದಂಡಿಗೆ ಕುದುರೆ ಸಾಕಿದ ನಮ್ಮ ಕುಣಿಗಲ್ಲು ಮುಂದೆ ಪಂದ್ಯದ ಕುದುರೆಗಳ ತೌರೂ ಆಯಿತು.

ಕುದುರೆಯ ಪರೀಕ್ಷೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಯ ತಳಿ, ಬಣ್ಣ, ಸುಳಿಗಳ ವಿಚಾರವಿದೆ. ಇಂದಿನ ಪರೀಕ್ಷಕನು ಸುಳಿಯನ್ನು ಬಿಟ್ಟು ಗಡಿಯಾರವನ್ನು ಹಿಡಿದಿದ್ದಾನೆ, ಅಷ್ಟೆ.

ಡರ್ಬಿಯಂತಹ ಹಿರಿಯ ಪಂದ್ಯದ ಮುನ್ನ ಬಲ್ಲವರು ನೋಡುವುದೇನು? ಮೊದಲನೆಯದು ದೂರ. 2400 ಮೀಟರು, ಎಂದರೆ ಸುಮಾರು ಒಂದೂವರೆ ಮೈಲಿ. ಮೈಲಿಯೊಳಗೆ ಮಿಂಚಿದ ಕುದುರೆ ಕೊನೆಯ ಅರ್ಧ ಮೈಲಿಯಲ್ಲಿ ಸೋಲಬಹುದು. ಆದ್ದರಿಂದ ತಂದೆತಾಯಿಗಳ ವಂಶದಲ್ಲಿ ದಮ್ಮು ಇದೆಯೇ ಎಂದು ವಿಚಾರಿಸುತ್ತಾರೆ. ಎರಡನೆಯದು ಭಾರ. ಸಾಮಾನ್ಯ ಹ್ಯಾಂಡಿಕ್ಯಾಪ್ ಪಂದ್ಯದಲ್ಲಿ ಬಲ್ಲಿದ ಕುದುರೆಗೆ ಹೆಚ್ಚು ತೂಕ ಹೊರಿಸಿ ಎಲ್ಲವನ್ನೂ ಸರಿದೂಗಿಸುತ್ತಾರೆ. ಡರ್ಬಿಯಲ್ಲಿ ಆ ದಾಕ್ಷಿಣ್ಯವಿಲ್ಲ. ಹೆಣ್ಣು ಕುದುರೆಗೆ ಸ್ವಲ್ಪ ರಿಯಾಯಿತಿ, ಉಳಿದವು ಸಮಭಾರದಲ್ಲಿ ಓಡಬೇಕು. ಮೂರನೆಯದು ನೆಲ. ಈಶಾನ್ಯ ಮಾರುತದ ಮಳೆ ಸುರಿದರೆ ಗಟ್ಟಿನೆಲದ ಓಟಗಾರನ ಕಾಲು ಕಟ್ಟುತ್ತದೆ. ಇವುಗಳೊಡನೆ ಹಿಂದಿನ ಓಟಗಳ ಲೆಕ್ಕ, ಬೆಳಗಿನ ಅಭ್ಯಾಸ, ಜಾಕಿಯ ಸಮಯಸ್ಫೂರ್ತಿ ಇವೆಲ್ಲವೂ ತೂಗಬೇಕಾದವು.

ಈ ತೂಗಾಟವೇ ನ್ಯಾಯಾಲಯದ ಮೆಟ್ಟಿಲೇರಿತು. 1974ರಲ್ಲಿ ತಮಿಳುನಾಡು ಸರಕಾರವು ಕುದುರೆಪಂದ್ಯವನ್ನೇ ರದ್ದುಗೊಳಿಸುವ ಶಾಸನ ಮಾಡಿತು. 1986ರಲ್ಲಿ ಕ್ಲಬ್ಬನ್ನು ವಶಪಡಿಸಿಕೊಳ್ಳುವ ಇನ್ನೊಂದನ್ನು ತಂದಿತು. 1996ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕುದುರೆಯ ವೇಗ ಮತ್ತು ಕಸುವು ತರಬೇತಿಯಿಂದ ಬರತಕ್ಕವು, ಜಾಕಿಯದು ಕಲಿತ ವಿದ್ಯೆ, ಆದುದರಿಂದ ಇದು ಪ್ರಧಾನವಾಗಿ ಜಾಣ್ಮೆಯ ಆಟ ಎಂದು ತೀರ್ಮಾನಿಸಿತು. 1986ರ ಶಾಸನವನ್ನೂ ತಳ್ಳಿಹಾಕಿತು.

ಹಾಗಾದರೆ ಮನೆಯ ಯಜಮಾನನು ತಿಂಗಳ ಸಂಬಳವನ್ನು ಗಿಂಡಿಗೆ ಒಯ್ಯಬಹುದೇ? ಇಲ್ಲಿ ವಿವೇಕ ಬೇಕು. ಜಾಣ್ಮೆ ಇರುವುದು ಓಡುವ ಕುದುರೆಯಲ್ಲಿ, ಓಡಿಸುವವನಲ್ಲಿ, ವರ್ಷಗಟ್ಟಲೆ ನೋಡಿ ಕಲಿತವನಲ್ಲಿ. ನೆರೆಯವನ ಮಾತು ಕೇಳಿ ಹಣ ಕಟ್ಟುವವನಿಗೆ ಅದು ಬರಿಯ ಜೂಜೇ. ಬಲ್ಲವನ ಲೆಕ್ಕವೂ ಒಂದು ಎಡವಿಗೆ ತಲೆಕೆಳಗಾದೀತು. ಪರಸ್ಥಳದಲ್ಲಿ ಸಂಸಾರ ಹೂಡಿದವರಿಗೆ ಕೈಬಿಟ್ಟ ಹಣವನ್ನು ತುಂಬಿಕೊಡುವ ಅಣ್ಣತಮ್ಮಂದಿರು ಪಕ್ಕದಲ್ಲಿರುವುದಿಲ್ಲ.

ಇನ್ನು ನೆಲದ ಪ್ರಶ್ನೆ. 1945ರಿಂದ 99 ವರ್ಷಗಳಿಗೆ ಗೇಣಿಗೆ ಕೊಟ್ಟ ಸುಮಾರು 160 ಎಕರೆಯ ಈ ಬಯಲಿಗೆ ವರ್ಷದ ಬಾಡಿಗೆ 614 ರೂಪಾಯಿ ಚಿಲ್ಲರೆ ಎಂದಿತ್ತು. ಬಾಕಿಯ ವ್ಯಾಜ್ಯ ಬೆಳೆದು 2024ರ ಸೆಪ್ಟೆಂಬರಿನಲ್ಲಿ ಸರಕಾರ ಬೀಗಮುದ್ರೆ ಹಾಕಿತು. ಕ್ಲಬ್ಬು ಮತ್ತೆ ನ್ಯಾಯಾಲಯಕ್ಕೆ ಹೋಯಿತು. ಕುದುರೆಯನ್ನು ತೂಗುವುದಕ್ಕಿಂತ, ಊರ ನೆಲ ಯಾರ ಹಿತಕ್ಕೆಂದು ತೂಗುವುದು ಕಠಿನ.

ಕುದುರೆಯನ್ನು ಕಣ್ತುಂಬ ನೋಡೋಣ. ಅದರ ವಂಶವನ್ನೂ ಓಟವನ್ನೂ ಮಕ್ಕಳಿಗೆ ವಿವರಿಸೋಣ. ಚೀಲದ ಬಾಯಿ ಮಾತ್ರ ಬಿಗಿಯಾಗಿರಲಿ.