ನೃಪತುಂಗನ ಕಾಲದ ಒಂದು ಲೆಕ್ಕ: 12345654321

ಈ ಸಂಖ್ಯೆ ನೋಡಿ: 12345654321. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಮೇಲೆ ಚಿಲ್ಲರೆ. ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ ಮತ್ತೆ ಒಂದಕ್ಕೆ ಇಳಿಯುತ್ತೆ. ‘ವಿಕಟಕವಿ’ಯ ಹಾಗೆ ಯಾವ ಕಡೆಯಿಂದ ಓದಿದರೂ ಅದೇ. ಕ್ಯಾಲ್ಕುಲೇಟರ್ ಬಂದ ಮೇಲೆ ಹುಟ್ಟಿದ ಆಟ ಅನ್ನಿಸುತ್ತೆ, ಅಲ್ವಾ? ಅಲ್ಲ. ಇದು ಒಂಬತ್ತನೇ ಶತಮಾನದ್ದು.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಮೊದಲಲ್ಲೇ ಈ ದೊರೆಯ ಹೊಗಳಿಕೆ ಇದೆ. ಅದರಲ್ಲಿ ಸ್ಥಾನಗಳಿಗೆ 24 ಹೆಸರು ಕೊಟ್ಟಿದ್ದಾನೆ, ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ. ನಮ್ಮ ಸಂಖ್ಯೆಯ ಮೊದಲ ಒಂದು ಕೂತಿರೋದು ಹನ್ನೊಂದನೇ ಸ್ಥಾನದಲ್ಲಿ, ಅಂದರೆ ‘ಅರ್ಬುದ’ದಲ್ಲಿ.

ಗುಣಾಕಾರದ ಭಾಗದಲ್ಲಿ ಅವನು ಕೊಡುವ ಒಂದು ಲೆಕ್ಕ: 27994681ನ್ನು 441ರಿಂದ ಗುಣಿಸು. ನೋಡೋಕೆ ಒರಟು ಸಂಖ್ಯೆಗಳು. ಉತ್ತರ ಮಾತ್ರ 12345654321! ಇಂಥ ಇನ್ನೂ ಕೆಲವಿವೆ: 152207 × 73 = 11111111, 142857143 × 7 = 1000000001. ಇಂಥ ಕೆಲವು ಉತ್ತರಗಳನ್ನು ಅವನು ಕೊರಳಿನ ಹಾರಕ್ಕೆ ಹೋಲಿಸುತ್ತಾನೆ.

ಒಳಗಿನ ಗುಟ್ಟು ಏನು? 441 ಅಂದರೆ 21ರ ವರ್ಗ. 27994681 ಅಂದರೆ 5291ರ ವರ್ಗ. 21 × 5291 = 111111. ಅಂದರೆ ನಮ್ಮ ಸಂಖ್ಯೆ ಆರು ಒಂದುಗಳ ವರ್ಗ. ಗುಣಿಸುವಾಗ ಯಾವ ಸಾಲಿನಲ್ಲೂ ದಶಕ ಬರೋದಿಲ್ಲ, ಅದಕ್ಕೇ ಮೆಟ್ಟಿಲು ಕೆಡೋದಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೇ. ಹತ್ತು ಒಂದುಗಳಾದರೆ ದಶಕ ನುಗ್ಗಿ ಉತ್ತರ 1234567900987654321 ಆಗುತ್ತೆ. ಅಂಕಿಗಳನ್ನು ಕೂಡಿದರೂ 36, ಅದು ಆರರ ವರ್ಗ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಮಹಾವೀರ 3 ಮತ್ತು 7ನ್ನು ಒಂದು ಕಡೆಗೆ, ಉಳಿದ ಮೂರನ್ನು ಇನ್ನೊಂದು ಕಡೆಗೆ ಹಂಚಿ ಗುಟ್ಟು ಮುಚ್ಚಿಟ್ಟಿದ್ದಾನೆ.

ಇದು ಬರೀ ಚಮತ್ಕಾರ ಅಂತ ನನಗನ್ನಿಸೋದಿಲ್ಲ. ನಮ್ಮ ಪಂಚನಹಳ್ಳಿ ಕಡೆ ತೆಂಗಿನಕಾಯಿ ಎಣಿಸುವವರು ಎರಡು ಸಲ ಎಣಿಸಿ ತಾಳೆ ನೋಡ್ತಾರೆ. ಈ ಲೆಕ್ಕಕ್ಕೆ ಅದೂ ಬೇಡ. ಒಂದು ಅಂಕಿ ತಪ್ಪಿದರೂ ಮೆಟ್ಟಿಲು ಮುರಿಯುತ್ತೆ, ಹುಡುಗನಿಗೆ ಗುರು ಹೇಳಬೇಕಾಗಿಲ್ಲ. ಓಲೆಗರಿ ನಕಲು ಮಾಡುವವನ ಕೈತಪ್ಪೂ ಹಾಗೇ ಕಣ್ಣಿಗೆ ಬೀಳುತ್ತೆ. ನಾವು ಸಾಫ್ಟ್‌ವೇರ್‌ನವರು ಇದಕ್ಕೆ ಚೆಕ್‌ಸಮ್ ಅಂತ ಬೇರೆ ಏರ್ಪಾಡು ಮಾಡ್ಕೋತೀವಿ. ಇಲ್ಲಿ ಉತ್ತರವೇ ತನ್ನ ಸಾಕ್ಷಿ.

1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಈ ಪುಸ್ತಕ ಅಚ್ಚು ಹಾಕಿಸಿದರು. 2000ದಲ್ಲಿ ಪದ್ಮಾವತಮ್ಮ ಅವರ ಕನ್ನಡ ಅನುವಾದ, ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ ಬಂತು. ಅದೇ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ದ ಹೆಸರು ನಮಗೆಲ್ಲ ಬಾಯಿಪಾಠ. ಈ ಪುಸ್ತಕದ ಹೆಸರು ಕೇಳಿದವರು ಎಷ್ಟು ಜನ?

ಮನೆಯಲ್ಲಿ ಗುಣಾಕಾರ ಕಲಿಯುವ ಮಕ್ಕಳಿದ್ದರೆ ಈ ಲೆಕ್ಕ ಕೊಟ್ಟು ನೋಡಿ. ಉತ್ತರ ಮಾತ್ರ ಮೊದಲೇ ಹೇಳಬೇಡಿ!