ಹಿತ್ತಿಲು, ವ್ರತ ಮತ್ತು ಒಲೆ: ಚಾತುರ್ಮಾಸ್ಯದ ಅಡಿಗೆಯ ಚರಿತ್ರೆ

ಆಷಾಢ ಶುಕ್ಲ ಏಕಾದಶಿಯಿಂದ ಕಾರ್ತಿಕ ಶುಕ್ಲ ದ್ವಾದಶಿಯವರೆಗಿನ ನಾಲ್ಕು ತಿಂಗಳುಗಳು ಶ್ರೀಹರಿಯ ಯೋಗನಿದ್ರೆಯ ಕಾಲವೆಂದು ಪ್ರಸಿದ್ಧ. ಯತಿಗಳು ಒಂದೆಡೆ ನೆಲೆಸಿ ಪಾಠಪ್ರವಚನಗಳಲ್ಲಿ ತೊಡಗುವ ಈ ಅವಧಿಯು ಗೃಹಸ್ಥರ ಮನೆಯಲ್ಲಿ ಪ್ರಧಾನವಾಗಿ ಕಾಣಿಸಿಕೊಳ್ಳುವುದು ಅಡಿಗೆಯ ಮೂಲಕ. ಮೊದಲ ತಿಂಗಳು ಶಾಕವ್ರತ, ಎರಡನೆಯದು ದಧಿವ್ರತ, ಮೂರನೆಯದು ಕ್ಷೀರವ್ರತ, ನಾಲ್ಕನೆಯದು ದ್ವಿದಳವ್ರತ. ಕ್ರಮವಾಗಿ ತರಕಾರಿ, ಮೊಸರು, ಹಾಲು, ಬೇಳೆಕಾಳುಗಳು ವರ್ಜ್ಯ. ವ್ರತ ಮುಗಿದ ದಿನ ಬಿಟ್ಟ ಪದಾರ್ಥವನ್ನೇ ದಾನ ಕೊಡುವುದು ಸಂಪ್ರದಾಯ. ಈ ವ್ರತಗಳ ಶಾಸ್ತ್ರಾರ್ಥವನ್ನು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ನಿಷೇಧದ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಹಿತ್ತಿಲಿನ ಕಡೆಗೊಮ್ಮೆ ನೋಡಿ, ಮನೆಮಂದಿಗೆಲ್ಲ ಎರಡು ಹೊತ್ತು ಬಡಿಸಬೇಕಾದವರು ಏನು ಮಾಡಿದರು ಎಂಬ ಚರಿತ್ರೆ ಮಾತ್ರ ಬರವಣಿಗೆಗೆ ಬಂದದ್ದು ಕಡಿಮೆ.

‘ಶಾಕ’ವೆಂದರೆ ಇಂದಿನ ಅರ್ಥದ ತರಕಾರಿಯಷ್ಟೇ ಅಲ್ಲ. ಬೇರು, ಎಲೆ, ಮೊಳಕೆ, ಕುಡಿ, ಕಾಯಿ, ಕಾಂಡ, ತೊಗಟೆ, ಹೂವು ಮೊದಲಾಗಿ ಹತ್ತು ವಿಧದ ಶಾಕಗಳನ್ನು ಧರ್ಮಶಾಸ್ತ್ರದ ನಿಬಂಧಗಳು ಎಣಿಸುತ್ತವೆ. ಆದುದರಿಂದಲೇ ಬದನೆ, ಬೆಂಡೆಗಳೊಡನೆ ಕೊತ್ತಂಬರಿ, ಕರಿಬೇವು, ಹುಣಸೆ, ಮೆಣಸಿನಕಾಯಿಗಳೂ ಈ ತಿಂಗಳು ಒಲೆಯ ಬಳಿ ಸುಳಿಯುವುದಿಲ್ಲ. ಉಳಿಯುವುದು ಅಕ್ಕಿ, ಗೋಧಿ, ಹೆಸರುಬೇಳೆ, ಉದ್ದು, ಹಾಲು, ಮೊಸರು, ತುಪ್ಪ, ಬೆಲ್ಲ, ಉಪ್ಪು, ಕಾಳುಮೆಣಸು, ಜೀರಿಗೆ. ಸಂಪ್ರದಾಯವು ಕೊಟ್ಟ ಒಂದು ಉದಾರವಾದ ವಿನಾಯಿತಿ ಮಾವು. ಸಣ್ಣಪುಟ್ಟ ವಿವರಗಳಲ್ಲಿ ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಭೇದವಿದೆ. ಪಂಚಾಂಗವೂ ಮನೆಯ ಹಿರಿಯರೂ ಹೇಳಿದ್ದೇ ಅಲ್ಲಿ ಪ್ರಮಾಣ.

ಇಷ್ಟೇ ಸಾಮಗ್ರಿಯಲ್ಲಿ ಮೂವತ್ತು ದಿನ ಕಳೆಯಬೇಕು. ಹೆಸರುಬೇಳೆಯ ತೊವ್ವೆ, ಮೆಣಸು ಜೀರಿಗೆಯ ಸಾರು, ಹುರಿದ ಉದ್ದಿನ ಹಿಟ್ಟನ್ನು ಮೊಸರಿನಲ್ಲಿ ಕಲಸಿದ್ದು, ಹುಣಸೆಯ ಬದಲು ಒಣಗಿಸಿಟ್ಟ ಮಾವಿನಕಾಯಿಯ ಹುಳಿ, ಮಾವಿನ ಹಣ್ಣಿನ ರಸ. ಬೇಸಗೆಯಲ್ಲಿಯೇ ಮಾವಿನಕಾಯಿಯನ್ನು ಹೆಚ್ಚಿ ಒಣಗಿಸದಿದ್ದ ಮನೆಯಲ್ಲಿ ಆಷಾಢದ ಸಾರಿಗೆ ಹುಳಿಯೇ ಇಲ್ಲ. ಎಂದರೆ ಈ ವ್ರತದ ಅಡಿಗೆಯು ಏಕಾದಶಿಯಂದು ಆರಂಭವಾಗುತ್ತಿರಲಿಲ್ಲ. ಎರಡು ತಿಂಗಳ ಮೊದಲೇ ಅಂಗಳದ ಚಾಪೆಯ ಮೇಲೆ ಆರಂಭವಾಗುತ್ತಿತ್ತು.

ಶಾಕವ್ರತವು ಕರಾವಳಿಯಲ್ಲಿ ಘೋರ ಮಳೆಯ ಕಾಲಕ್ಕೆ ಬರುತ್ತದೆ. ತುಳುನಾಡಿನವರು ‘ಆಟಿ’ ಎನ್ನುವ ತಿಂಗಳು ಅದರ ಬಹುಭಾಗವನ್ನು ಆವರಿಸುತ್ತದೆ. ನಾಟಿಯ ಗದ್ದೆ ಬಿಟ್ಟರೆ ನೆಲವೆಲ್ಲ ನೀರು, ಹಿತ್ತಿಲಿನ ತರಕಾರಿ ಸಾಲು ಕೊಳೆತಿರುತ್ತದೆ. ಬೇಸಗೆಯಲ್ಲಿ ಬೆಳೆದ ಸೌತೆಕಾಯಿಯನ್ನು ತೆಂಗಿನ ಗರಿಯಲ್ಲಿ ಕಟ್ಟಿ ಮಾಡಿಗೆ ತೂಗುಹಾಕುವುದು, ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿಡುವುದು, ಚಗಟೆ ಸೊಪ್ಪು, ಕಳಲೆ, ಕೆಸುವನ್ನು ಹುಡುಕಿ ತರುವುದು ಆಟಿಯ ಬದುಕಿನ ಕ್ರಮ. ಇದನ್ನು ಕಂಡು, ತರಕಾರಿಯೇ ಇಲ್ಲದ ಕಾಲಕ್ಕೆ ಹಿರಿಯರು ತರಕಾರಿ ಬಿಡುವ ವ್ರತವನ್ನಿಟ್ಟರೆಂದು ವಿವರಿಸುವ ಆಧುನಿಕ ಲೇಖಕರಿದ್ದಾರೆ. ವಿವರಣೆ ಅಂದವಾಗಿದೆ, ಆದರೆ ಪೂರ್ತಿಯಾಗಿ ಒಪ್ಪುವಂತಿಲ್ಲ. ಕೆಸುವಿನ ಎಲೆ ಅತ್ಯಂತ ಎಳೆಯದಾಗಿ, ಪತ್ರೊಡೆಗೆ ಹೇಳಿ ಮಾಡಿಸಿದಂತೆ ಸಿಗುವುದು ಇದೇ ದಿನಗಳಲ್ಲಿ. ನೆರೆಮನೆಯಲ್ಲಿ ಪತ್ರೊಡೆ ಬೇಯುವ ವಾಸನೆ ಬರುತ್ತಿರುವಾಗ ವ್ರತದ ಮನೆಯಲ್ಲಿ ಹೆಸರುಬೇಳೆ ಕುದಿಯುತ್ತಿರುತ್ತದೆ. ಇಲ್ಲದ್ದನ್ನು ಬಿಡುವುದು ವ್ರತವಾಗಲಾರದು. ಇದ್ದುದನ್ನು ಬಿಟ್ಟದ್ದರಿಂದಲೇ ಅದಕ್ಕೆ ಆ ಹೆಸರು.

ಶಾಕವ್ರತದ ಎಲೆಯನ್ನು ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಅಕ್ಕಿ, ಹೆಸರು, ಉದ್ದು, ಮಾವು, ಪಶ್ಚಿಮಘಟ್ಟದ ಕಾಳುಮೆಣಸು, ತುಪ್ಪ: ಇವುಗಳಲ್ಲಿ ಯಾವುದೂ 1498ರಲ್ಲಿ ವಾಸ್ಕೊ ಡ ಗಾಮನು ಕಲ್ಲಿಕೋಟೆಯ ಬಳಿ ಇಳಿದ ಮೇಲೆ ಬಂದದ್ದಲ್ಲ. ಹದಿಮೂರನೆಯ ಶತಮಾನದಲ್ಲಿ, ಶ್ರೀಮದಾಚಾರ್ಯರ ಕಾಲದ ಉಡುಪಿಯಲ್ಲಿ, ಈ ಎಲೆಯನ್ನು ಹೀಗೆಯೇ ಬಡಿಸಬಹುದಾಗಿತ್ತು. ಉಳಿದ ಹನ್ನೊಂದು ತಿಂಗಳುಗಳ ಎಲೆಗೆ ಈ ಮಾತು ಸಲ್ಲದು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ನಂತರದ ಕಾಲದಲ್ಲಿ ಅಮೆರಿಕ ಖಂಡದ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ನೆಲಗಡಲೆ, ಗೋಡಂಬಿ, ಪರಂಗಿ, ಸಿಹಿಗುಂಬಳಗಳು ಒಂದೊಂದಾಗಿ ನಮ್ಮ ನೆಲಕ್ಕೆ ಇಳಿದವು.

ಬಂದ ಅತಿಥಿಗಳನ್ನು ಕನ್ನಡವು ಹೆಸರಿನಲ್ಲಿಯೇ ಗುರುತಿಟ್ಟಿತು. ಪರಂಗಿಯವರೊಡನೆ ಬಂದದ್ದು ಪರಂಗಿ ಹಣ್ಣು. ಹೊರಸೀಮೆಯಿಂದ ಬಂದದ್ದು ಸೀಮೆಬದನೆ. ಕರಾವಳಿಯಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಎಂಬ ಹೆಸರಿದೆ. ದೇಶ ತಪ್ಪಿದರೂ ಹೊರಗಿನದೆಂಬ ನೆನಪು ತಪ್ಪಿಲ್ಲ. ಮೆಣಸಿನಕಾಯಿಯು ಕಾಳುಮೆಣಸಿನ ಹೆಸರನ್ನೇ ಕಸಿದುಕೊಂಡಿತು. ಆಗ ಹಳೆಯದನ್ನು ಕರಾವಳಿಯ ಜನ ‘ಒಳ್ಳೆಮೆಣಸು’ ಎಂದು ಕರೆದು ಮಾನ ಕಾಪಾಡಿದರು. ಆದರೆ ಒಳಬಂದವರಿಗೆಲ್ಲ ಒಂದೇ ನ್ಯಾಯ ದೊರೆಯಲಿಲ್ಲ. ಚೀನಿಕಾಯಿ ದೇವಸ್ಥಾನದ ಹುಳಿಗೆ ಸಲೀಸಾಗಿ ಸೇರಿತು, ಬ್ಯಾಡಗಿ ಮೆಣಸಿನಕಾಯಿ ಉಡುಪಿಯ ಸಾರಿಗೆ ಬಣ್ಣ ಕೊಟ್ಟಿತು. ಟೊಮೆಟೊ, ಎಲೆಕೋಸು, ಹೂಕೋಸುಗಳು ಮಡಿಯ ಅಡಿಗೆಯ ಹೊಸ್ತಿಲಲ್ಲಿಯೇ ನಿಂತವು. ಶ್ರಾದ್ಧದ ಅಡಿಗೆಯಲ್ಲಿ ಅನೇಕರು ಇಂದಿಗೂ ಒಳ್ಳೆಮೆಣಸನ್ನಷ್ಟೇ ಬಳಸುತ್ತಾರೆ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಯಾವ ಸಭೆಯೂ ಸೇರಿ ಮೊಹರು ಹಾಕಿದಂತಿಲ್ಲ. ಹಿತ್ತಿಲಿನಲ್ಲಿ ಬೇರೂರಿ, ತಲೆಮಾರುಗಳ ಕಾಲ ಕೈಗೆ ಪರಿಚಿತವಾದದ್ದು ಒಳಗಿನದಾಯಿತು. ಸಂತೆಯ ಬುಟ್ಟಿಯಲ್ಲಿ ತಡವಾಗಿ ಬಂದದ್ದು ಹೊರಗಿನದಾಗಿಯೇ ಉಳಿಯಿತು ಎಂದು ತೋರುತ್ತದೆ.

ಹಳೆಯ ಪಟ್ಟಿಗಳೂ ಅಷ್ಟೊಂದು ನಿಶ್ಚಿತವಾಗಿರಲಿಲ್ಲ. ಮನುಸ್ಮೃತಿಯು ಬೆಳ್ಳುಳ್ಳಿ, ಈರುಳ್ಳಿ, ಅಣಬೆಗಳೊಡನೆ ‘ಗೃಂಜನ’ವನ್ನೂ ನಿಷೇಧಿಸುತ್ತದೆ. ಗೃಂಜನವೆಂದರೇನು? ಕೆಂಪು ಬೆಳ್ಳುಳ್ಳಿಯ ಒಂದು ಬಗೆಯೆಂದು ಕೆಲವರು, ಗಜ್ಜರಿಯೆಂದು ಕೆಲವರು. ಒಂದು ಶಬ್ದದ ಅರ್ಥ ಸಂದಿಗ್ಧವಾದುದರಿಂದ ಗಜ್ಜರಿಯಂತಹ ಸಾಧುವಾದ ಗಡ್ಡೆಯು ಅನೇಕ ಮನೆಗಳಿಂದ ಶತಮಾನಗಳ ಕಾಲ ಹೊರಗುಳಿಯಿತು.

ನಿಷೇಧದ ಮಾತು ಇಷ್ಟಾದರೆ, ಒಂದು ತರಕಾರಿಯನ್ನು ಕರೆದು ಗದ್ದಿಗೆಯ ಮೇಲೆ ಕೂರಿಸಿದ ಕಥೆಯೂ ಉಡುಪಿಯಲ್ಲಿಯೇ ಇದೆ. ಕಟಪಾಡಿಗೆ ಸಮೀಪದ ಮಟ್ಟು ಗ್ರಾಮದವರಿಗೆ ಸೋದೆಯ ಶ್ರೀವಾದಿರಾಜತೀರ್ಥರು ಬದನೆಯ ಬೀಜವನ್ನು ಅನುಗ್ರಹಿಸಿದರೆಂಬುದು ಐತಿಹ್ಯ. ಸಮುದ್ರಕ್ಕೂ ಹೊಳೆಗೂ ನಡುವಣ ಉಪ್ಪುಗಾಳಿಯ ಮರಳು ಮಣ್ಣಿನಲ್ಲಿ ಬೆಳೆಯುವ, ಹಸಿರು ಬಣ್ಣದ, ತೆಳು ಸಿಪ್ಪೆಯ ಈ ದುಂಡು ಬದನೆಯೇ ಮಟ್ಟುಗುಳ್ಳ. ಮೊದಲ ಫಲ ಶ್ರೀಕೃಷ್ಣನಿಗೆ. ಪರ್ಯಾಯದ ಅಡಿಗೆಯಲ್ಲಿ ಅದಕ್ಕೆ ವಿಶೇಷ ಸ್ಥಾನ. ಇದೇ ಶ್ರೀವಾದಿರಾಜರು 1522ರಲ್ಲಿ ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಕ್ಕೆ ವಿಸ್ತರಿಸಿದರು. ಆ ಪರ್ಯಾಯದ ಸಿದ್ಧತೆಯು ಬಾಳೆ ಮುಹೂರ್ತದಿಂದ, ಅಂದರೆ ಸುಮಾರು ಒಂದು ವರ್ಷ ಮೊದಲೇ ಬಾಳೆಯ ಗಿಡ ನೆಡುವುದರಿಂದ, ಆರಂಭವಾಗುತ್ತದೆ. ಎಲೆ ಬೇಕಾದವನು ಮೊದಲು ಗಿಡ ನೆಡಬೇಕು. ಊಟಕ್ಕೂ ತೋಟಕ್ಕೂ ಇರುವ ನಂಟನ್ನು ಇದಕ್ಕಿಂತ ಸರಳವಾಗಿ ಹೇಳುವ ವಿಧಿ ಇನ್ನೊಂದಿಲ್ಲ. ಕುಲಾಂತರಿ ಬದನೆಯ ಚರ್ಚೆ ದೇಶದಲ್ಲೆಲ್ಲ ಬಿಸಿಯಾದಾಗ ಗುಳ್ಳದ ತಳಿಶುದ್ಧಿಯ ಆತಂಕವೂ ಕೇಳಿಬಂತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಆ ಬದನೆಗೆ ತಡೆಯೊಡ್ಡಿತು. ಮರುವರ್ಷ, 2011ರಲ್ಲಿ, ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಕನ್ನಡದಲ್ಲಿ ಅಡಿಗೆಯ ಗ್ರಂಥಗಳಿಗೆ ಕೊರತೆಯಿಲ್ಲ. ಸುಮಾರು 1025ರ ಚಾವುಂಡರಾಯನ ಲೋಕೋಪಕಾರವು ತೋಟಗಾರಿಕೆಯನ್ನೂ ಪಾಕಶಾಸ್ತ್ರವನ್ನೂ ಒಂದೇ ಹೊತ್ತಗೆಯಲ್ಲಿ ಹೇಳುತ್ತದೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ ಸೂಪಶಾಸ್ತ್ರವು ಬದನೆ, ಬಾಳೆ, ಹಲಸು, ಕಳಲೆಗಳ ಪಾಕಗಳನ್ನು ಷಟ್ಪದಿಯಲ್ಲಿ ವರ್ಣಿಸುತ್ತದೆ. ಜೈನನಾದ ಅವನ ಕೃತಿಯೂ ಆಹಾರದ ಕಟ್ಟುಪಾಡುಗಳ ನಡುವೆಯೇ ಹುಟ್ಟಿದ್ದು. ಆದರೆ ಇವು ರಾಜಪುರುಷರೂ ಕವಿಗಳೂ ಬರೆದವು. ಆಷಾಢದ ಸಾರಿಗೆ ಎಷ್ಟು ಮೆಣಸು, ಒಣಮಾವನ್ನು ಕುದಿಗೆ ಮೊದಲು ಹಾಕಬೇಕೋ ನಂತರವೋ ಎಂಬ ವಿದ್ಯೆ ಹೆಂಗಸರ ಕೈಯಲ್ಲಿತ್ತು, ಕೈಯಿಂದ ಕೈಗೆ ಹೋಯಿತು. ಅವರಲ್ಲಿಯೂ ಮಡಿಯ ಅಡಿಗೆಯ ಭಾರವನ್ನು ಹೊತ್ತವರು ಬಹುಮಟ್ಟಿಗೆ ಮನೆಯ ವಿಧವೆಯರು. ಬಾಲ್ಯದಲ್ಲಿಯೇ ಪತಿಯನ್ನು ಕಳೆದುಕೊಂಡು, ಕೇಶವನ್ನು ತೆಗೆಸಿಕೊಂಡು, ಒಪ್ಪೊತ್ತು ಉಂಡು, ನಾಲ್ಕು ತಿಂಗಳ ವ್ರತವನ್ನು ಅತ್ಯಂತ ಬಿಗಿಯಾಗಿ ನಡೆಸಿದವರು ಅವರು. ಗಂಡಸರು ವ್ರತವನ್ನು ಆರಿಸಿಕೊಂಡರು. ಈ ತಾಯಂದಿರ ಪಾಲಿಗೆ ಅದು ಆಯ್ಕೆಯಾಗಿರಲಿಲ್ಲ. ಇಂದು ‘ಸಾತ್ವಿಕ ಅಡಿಗೆ’ ಎಂದು ಎಲ್ಲರೂ ಹೊಗಳುವ ರುಚಿಯ ಹಿಂದೆ ಇವರ ಹಸಿವಿದೆ ಎಂಬುದನ್ನು ಮರೆಯುವುದು ನ್ಯಾಯವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಅಡಿಗೆ ಊರು ಬಿಟ್ಟು ಹೊರಟಿತು. ಕರಾವಳಿಯ ಜನ ಮುಂಬಯಿ, ಮದರಾಸುಗಳಿಗೆ ಹೋಗಿ ಅನ್ನದ ವ್ಯಾಪಾರಕ್ಕಿಳಿದರು. ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಮದರಾಸಿನಲ್ಲಿ 1930ರ ದಶಕದ ಕೊನೆಯಲ್ಲಿ ಆರಂಭವಾಯಿತು. ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ತೆರೆದ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ಬಾಳೆಲೆಯ ಊಟಕ್ಕೆ ಹೆಸರಾಯಿತು. ಈರುಳ್ಳಿ ಕಾಣದ ಅಡಿಗೆಮನೆಗಳಿಂದ ಬಂದ ಪಾಚಕರು ಹೋಟೆಲಿನಲ್ಲಿ ಈರುಳ್ಳಿ, ಬಟಾಟೆಯ ಪಲ್ಯವನ್ನು ದೋಸೆಯೊಳಗಿಟ್ಟು ದೇಶಕ್ಕೇ ಉಣಬಡಿಸಿದ್ದು ಚರಿತ್ರೆಯ ಒಂದು ವಿನೋದ. ಅದೇ ಪಾಚಕರ ಮನೆಯೊಳಗೆ ವ್ರತದ ಪಟ್ಟಿ ಬದಲಾಗದೆ ಉಳಿಯಿತು. ಬದಲಾದದ್ದು ಹಿತ್ತಿಲು. ಚಾಳಿನ ಎರಡು ಕೋಣೆಗಳಲ್ಲಿ ಬಾಳೆ, ಸುವರ್ಣಗಡ್ಡೆ, ಒಂದೆಲಗಗಳಿಗೆ ಜಾಗವೆಲ್ಲಿ? ಮಾಟುಂಗದ ಪೇಟೆಯೇ ಅವರ ಹಿತ್ತಿಲಾಯಿತು. ಬಾಳೆಹೂವು, ಕೆಸುವಿನೆಲೆ, ಮಂಗಳೂರು ಸೌತೆ ಅಲ್ಲಿ ದೊರೆಯತೊಡಗಿದವು.

ಪರಊರಿನ ನೆರೆಹೊರೆಯೂ ವ್ರತಕ್ಕೆ ಹೊಸ ಪ್ರಶ್ನೆಗಳನ್ನು ತಂದಿತು. ಮಹಾರಾಷ್ಟ್ರದಲ್ಲಿ ಏಕಾದಶಿಯ ಉಪವಾಸವೆಂದರೆ ಸಾಬೂದಾಣೆಯ ಖಿಚಡಿ. ಸಾಬೂದಾಣೆಯಾಗುವ ಮರಗೆಣಸು, ಅದಕ್ಕೆ ಬೀಳುವ ಶೇಂಗಾ, ಬಟಾಟೆ, ಹಸಿಮೆಣಸಿನಕಾಯಿ ನಾಲ್ಕೂ ಅಮೆರಿಕದಿಂದ ಬಂದವು. ಅಲ್ಲಿ ಅವೇ ಉಪವಾಸದ ಶುದ್ಧ ಆಹಾರ. ಏಕಾದಶಿಯ ಮಹಿಮೆಯನ್ನು ಶ್ರೀಮದಾಚಾರ್ಯರ ಕೃಷ್ಣಾಮೃತಮಹಾರ್ಣವದಿಂದ ತಿಳಿದ ಮಾಧ್ವ ಗೃಹಸ್ಥನಿಗೆ ಉಪವಾಸವೆಂದರೆ ನಿರಾಹಾರ. ಮಕ್ಕಳು ನೆರೆಮನೆಯ ಖಿಚಡಿಯ ಕಡೆ ನೋಡಿದಾಗ ಉತ್ತರ ಹೇಳುವ ಕೆಲಸ ಮಾತ್ರ ತಾಯಂದಿರದೇ ಆಗಿತ್ತು. ಚೆನ್ನೈಯ ಕನ್ನಡಿಗರಿಗೆ ಈ ತೊಡಕು ಕಡಿಮೆ. ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪು, ನೆಲ್ಲಿಕಾಯಿ ತರುವ ರೂಢಿ ತಮಿಳರಲ್ಲಿಯೂ ಇರುವುದರಿಂದ ಅಲ್ಲಿಯ ಪೇಟೆಗೆ ದ್ವಾದಶಿ ಗೊತ್ತು.

ಇಂದಿನ ಮನೆಯಲ್ಲಿ ಪಥ್ಯ ಹೇಳುವವರು ಇಬ್ಬರು: ಪಂಚಾಂಗ ಮತ್ತು ವೈದ್ಯರು. ಮಧುಮೇಹವಿರುವವರು ತರಕಾರಿ ಬಿಟ್ಟು ಅನ್ನ, ಬೇಳೆ, ಮಾವಿನ ರಸದಲ್ಲಿ ತಿಂಗಳು ಕಳೆದರೆ ರಕ್ತದ ಸಕ್ಕರೆ ಏರುತ್ತದೆ. ಔಷಧ ನುಂಗಿ ನಿರಾಹಾರವಿದ್ದರೆ ಅಪಾಯಕರವಾಗಿ ಇಳಿಯಬಲ್ಲದು. ಹಿರಿಯರು ಇದನ್ನು ಕಾಣದವರಲ್ಲ. ಏಕಾದಶಿಯ ಕಡ್ಡಾಯವನ್ನು ಎಂಟು ವರ್ಷ ದಾಟಿದ, ಎಂಬತ್ತು ತುಂಬದವರಿಗೆ ಸೀಮಿತಗೊಳಿಸಿದ ವಚನ ಪ್ರಸಿದ್ಧವಾಗಿದೆ. ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಮಹಾಭಾರತದ ವಿದುರನು ಹೇಳುವಾಗ ನೀರು, ಹಾಲು, ಗುರುವಿನ ಮಾತುಗಳ ಜೊತೆಗೆ ಔಷಧವನ್ನೂ ಸೇರಿಸಿದ್ದಾನೆ. ವೈದ್ಯರ ಚೀಟಿಯನ್ನು ಮರೆಮಾಚಿ ವ್ರತ ಮಾಡುವ ಅಜ್ಜಿಯರಿಗೆ ಈ ಮಾತನ್ನು ಯಾರಾದರೂ ಓದಿ ಹೇಳಬೇಕು.

ನಾಲ್ಕು ವ್ರತಗಳಲ್ಲಿ ನಗರದ ಅಡಿಗೆಗೆ ಕಠಿಣವಾದದ್ದು ಕೊನೆಯ ದ್ವಿದಳ. ಬೇಳೆಯಿಲ್ಲ, ಬಹುಬೀಜದ ಕಾಯಿಗಳಿಲ್ಲ. ಬಾಳೆಕಾಯಿ, ಸುವರ್ಣಗಡ್ಡೆ, ಕೆಸುವಿನ ಗಡ್ಡೆ, ತೆಂಗು ಹಲವು ಮನೆಗಳಲ್ಲಿ ಸಲ್ಲುತ್ತವೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿಯೂ ಇವೆಲ್ಲ ಏಕದಳಗಳೇ. ಬೇಳೆಯ ಬದಲು ಅಕ್ಕಿ, ತೆಂಗಿನಕಾಯಿ ರುಬ್ಬಿ ಹುಳಿಗೆ ಮಂದ ಕೊಡುವ ಉಪಾಯ ಬಲ್ಲವರು ಈಗ ಕಡಿಮೆಯಾಗುತ್ತಿದ್ದಾರೆ.

ಶಾಕವ್ರತ ಮುಗಿದ ಐದಾರು ದಿನಗಳಲ್ಲಿ ಶ್ರೀರಾಯರ ಆರಾಧನೆ ಬರುತ್ತದೆ. ತಿಂಗಳ ಬಳಿಕ ಎಲೆಯ ಮೇಲೆ ಪಲ್ಯ, ಹುಳಿ ಮರಳುತ್ತವೆ. ಮುಂಬಯಿ, ಪುಣೆಯ ಬಾಲ್ಕನಿಗಳಲ್ಲಿ ತುಳಸಿಯ ಪಕ್ಕ ಕುಂಡದಲ್ಲಿ ಕೆಸು ಬೆಳೆಸುವವರಿದ್ದಾರೆ. ತಿಂಗಳಿಡೀ ಕೊಯ್ಯದ ಎಲೆ ಅಷ್ಟರಲ್ಲಿ ಬಲಿತು, ನಾರುಗಟ್ಟಿ, ನಾಲಿಗೆ ತುರಿಸುವಂತಾಗಿರುತ್ತದೆ. ದಂಟಿನ ನಾರನ್ನು ಕೆತ್ತಿ, ಅಕ್ಕಿಹಿಟ್ಟಿಗೆ ಎಂದಿಗಿಂತ ಒಂದು ಹಿಡಿ ಹೆಚ್ಚು ಹುಣಸೆ ಕಿವುಚಿ ಹಾಕಿ ಪತ್ರೊಡೆ ಸುತ್ತಿ ಬೇಯಿಸುತ್ತಾರೆ. ಹುಣಸೆಯೂ ಅದೇ ದ್ವಾದಶಿಯಂದು ತಾನೇ ಅಡಿಗೆಮನೆಗೆ ಹಿಂತಿರುಗಿದ್ದು.