ಗುಬ್ಬಿಯ ಹೆಲಿಕಾಪ್ಟರ್ ಕಂಪನಿಗೂ ಫುಟ್‌ಬಾಲ್ ತಂಡವಿತ್ತು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತೆರೆದ ಎಚ್‌ಎಎಲ್ ನಮಗೆಲ್ಲ ಗೊತ್ತು. ಇದೇ ಕಂಪನಿಯ ಬೆಂಗಳೂರಿನ ಫುಟ್‌ಬಾಲ್ ತಂಡ ಎರಡನೇ ದರ್ಜೆಯಲ್ಲಿ ಆಡಿ, 2010ರಲ್ಲಿ ದೇಶದ ಅಂದಿನ ಅಗ್ರ ಟೂರ್ನಿ ಐ-ಲೀಗ್‌ಗೆ ಬಡ್ತಿ ಪಡೆದಿತ್ತು. ಆಟಗಾರರಲ್ಲಿ ಹೆಚ್ಚಿನವರು ಕಂಪನಿ ನೌಕರರೇ. ಎರಡು ಸೀಸನ್ ಆಡಿ 2012ರಲ್ಲಿ ತಂಡ ಕೆಳಗಿಳಿಯಿತು.

ಮರುವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ಕೆಳಗಿನಿಂದ ಹತ್ತಿ ಬರಬೇಕಾಗಲಿಲ್ಲ. ಜೆಎಸ್‌ಡಬ್ಲ್ಯು ಒಡೆತನದ ಕ್ಲಬ್‌ಗೆ ನೇರ ಪ್ರವೇಶ ಸಿಕ್ಕಿತು. ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಚೆಟ್ರಿ ನಾಯಕ. ಮೊದಲ ಸೀಸನ್‌ನಲ್ಲೇ ಚಾಂಪಿಯನ್.

ಅಭಿಮಾನಿಗಳು ಕೋಚ್ ಯಾರಾಗಬೇಕು, ಯಾರನ್ನು ಆಡಿಸಬೇಕು ಎಂದು ವಾದಿಸುತ್ತಾರೆ. ವಾದಿಸಲಿ. ಆದರೆ ಗುಬ್ಬಿ, ಕುಣಿಗಲ್‌ನ ಹುಡುಗರಿಗೆ ಮುಖ್ಯ ಪ್ರಶ್ನೆ ಬೇರೆ: ದುಡ್ಡಿಲ್ಲದ ತಂಡ ಆಡಿ ಗೆದ್ದೇ ಮೇಲೇರುವ ಏಣಿ ಉಳಿದಿರುತ್ತದೆಯೇ?